ರೆಕ್ಕೆಯ ಮುಂದೆ, ರೆಕ್ಕೆಯ ಹಿಂದೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದೆಹಲಿಗೆ ಹೊರಟ ಏರ್‌ಬಸ್ ಎ320 ವಿಮಾನವೊಂದರ ಮೂರನೆಯ ಸಾಲಿನಲ್ಲಿ ಕೂತವರನ್ನೂ ಇಪ್ಪತ್ತೆಂಟನೆಯ ಸಾಲಿನಲ್ಲಿ ಕೂತವರನ್ನೂ ಇಳಿದ ಮೇಲೆ ಕೇಳಿ ನೋಡಬೇಕು. ಸುಮಾರು 1,700 ಕಿ.ಮೀ. ದಾರಿ, ಅವೇ ಎರಡು ಎಂಜಿನ್, ಅದೇ ಆಕಾಶ. ಆದರೂ ಇಬ್ಬರೂ ಬಣ್ಣಿಸುವ ಸದ್ದು ಬೇರೆ ಬೇರೆ. ಮುಂದೆ ಕೂತವರು ಏರುವಾಗ ಕೇಳಿದ ಒರಟು ಗುರುಗುಟ್ಟುವಿಕೆಯನ್ನು ನೆನೆಯುತ್ತಾರೆ, ಆಮೇಲೆ ಬರೀ ಗಾಳಿಯ ಸುಯ್ಲು ಎನ್ನುತ್ತಾರೆ. ಹಿಂದೆ ಕೂತವರು ದಾರಿಯುದ್ದಕ್ಕೂ ಬಿಡದ ಮೊರೆತದ ಮಾತಾಡುತ್ತಾರೆ. ಅದೇ ಸೀಟಿನಲ್ಲಿ ಮುಂದಿನ ವಾರ ಹೋದರೂ ಸದ್ದು ಹಾಗೇ ಇರುತ್ತದೆಂಬ ಖಾತ್ರಿಯಿಲ್ಲ. ವಿಮಾನದೊಳಗೆ ಕೂತವರು ಎಂಜಿನ್ ಸದ್ದು ಎಂದು ಕರೆಯುವುದು ಎಂಜಿನ್ನಿನದೊಂದೇ ಕೆಲಸವಲ್ಲ. ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ದುಡಿಯುತ್ತಿದೆ, ವಿಮಾನ ಎಷ್ಟು ವೇಗದಲ್ಲಿದೆ, ಹೊರಗಿನ ಗಾಳಿ ಎಷ್ಟು ತೆಳುವಾಗಿದೆ, ನಡುವಿನ ಗೋಡೆ ಎಂಥದ್ದು, ಕೂತ ಜಾಗ ಯಾವುದು, ಕೊನೆಗೆ ಕೇಳುವ ಕಿವಿ ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ ಸೇರಿ ಅದು ಹುಟ್ಟುತ್ತದೆ. ಅಷ್ಟೇ ಅಲ್ಲ, ಪಯಣದ ಬಹುಪಾಲು ಹೊತ್ತು ಅದರಲ್ಲಿ ಎಂಜಿನ್ನಿನ ಪಾಲು ನಾವು ಅಂದುಕೊಂಡಷ್ಟು ದೊಡ್ಡದೂ ಅಲ್ಲ. ಈ ಮಾತಿಗೆ ಪುರಾವೆ ಹುಡುಕಲು ಪ್ರಯೋಗಶಾಲೆಗೆ ಹೋಗಬೇಕಿಲ್ಲ. ದೆಹಲಿಯವರೆಗಿನ ಪಯಣವೊಂದನ್ನು ಕಿವಿಗೊಟ್ಟು ಹಿಂಬಾಲಿಸಿದರೆ ಸಾಕು.

ಮೊದಲು ಎಂಜಿನ್ನನ್ನೇ ನೋಡೋಣ. ಟರ್ಬೊಫ್ಯಾನ್ ಎಂಜಿನ್ನಿನಲ್ಲಿ ಸದ್ದು ಹುಟ್ಟುವ ಜಾಗ ಒಂದೇ ಅಲ್ಲ. ಮುಂದೆ ದೊಡ್ಡ ಫ್ಯಾನ್, ಅದರ ಹಿಂದೆ ಗಾಳಿಯನ್ನು ಒತ್ತುವ ಕಂಪ್ರೆಸರ್, ಇಂಧನ ಉರಿಯುವ ಕೋಣೆ, ಟರ್ಬೈನ್, ಕೊನೆಯಲ್ಲಿ ಹಿಂಬಾಯಿಯಿಂದ ನುಗ್ಗಿ ಹೊರಬಂದು ಸುತ್ತಲಿನ ಗಾಳಿಯೊಡನೆ ಕಲಸಿಹೋಗುವ ಜೆಟ್. ಮೊದಮೊದಲಿನ ಜೆಟ್ ವಿಮಾನಗಳಲ್ಲಿ ಈ ಕೊನೆಯದೇ ಎಲ್ಲವನ್ನೂ ಮುಳುಗಿಸುತ್ತಿತ್ತು. ಡಿ ಹ್ಯಾವಿಲೆಂಡ್ ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವಾಗಿ ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಹೊರಟದ್ದು 1952ರ ಮೇ ತಿಂಗಳಲ್ಲಿ. ಅದೇ ವರ್ಷ ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ ಜೆಟ್ಟಿನ ಸದ್ದಿಗೆ ಒಂದು ನಿಯಮ ಕಂಡುಹಿಡಿದರು: ಜೆಟ್ ಹೊಮ್ಮಿಸುವ ಸದ್ದಿನ ಶಕ್ತಿ ಅದರ ವೇಗದ ಎಂಟನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅರ್ಧ ವೇಗದಲ್ಲೂ ಮೊದಲಿನಷ್ಟೇ ನೂಕುಬಲ ಬೇಕೆಂದರೆ ಜೆಟ್ಟಿನ ಹರವನ್ನು ನಾಲ್ಕು ಪಟ್ಟು ಹಿಗ್ಗಿಸಬೇಕು. ಅದನ್ನೂ ಲೆಕ್ಕಕ್ಕೆ ಹಿಡಿದರೆ ಉಳಿಯುವುದು 64ರಲ್ಲಿ ಒಂದು ಪಾಲು, ಅಂದರೆ 18 ಡೆಸಿಬೆಲ್ ಇಳಿಕೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ಕೇಳುತ್ತದೆ, ಹಾಗಾಗಿ ಇದು ಸಣ್ಣ ಲಾಭವಲ್ಲ. ಜೆಟ್ ಎಂಜಿನ್ನಿನ ಮುಂದಿನ ಎಪ್ಪತ್ತು ವರ್ಷಗಳ ಬೆಳವಣಿಗೆಯೆಲ್ಲ ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕುವತ್ತಲೇ ಸಾಗಿತು. ಇಂಧನ ಉಳಿಸುವುದು ಅದರ ಮೊದಲ ಕಾರಣವಾದರೂ ಕಿವಿಗೂ ಅದರಿಂದ ಒಳಿತಾಯಿತು. ಹಳೆಯ ಬೋಯಿಂಗ್ 737-200ರ ಜೆಟಿ8ಡಿ ಎಂಜಿನ್ನಿನಲ್ಲಿ ಉರಿಕೋಣೆಯೊಳಗೆ ಹೋಗುವ ಗಾಳಿಗೂ ಅದನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುವ ಗಾಳಿಗೂ ಇದ್ದ ಪ್ರಮಾಣ ಹೆಚ್ಚುಕಡಿಮೆ ಸಮ. 1970ರಲ್ಲಿ ಸೇವೆಗೆ ಬಂದ 747ರ ಜೆಟಿ9ಡಿಯಲ್ಲಿ ಬಳಸಿ ಹೋಗುವ ಗಾಳಿ ಸುಮಾರು ಐದು ಪಟ್ಟು, ಇಂದಿನ ಎ320 ನಿಯೋದ ಪಿಡಬ್ಲ್ಯು1100ಜಿಯಲ್ಲಿ ಹನ್ನೆರಡು ಪಟ್ಟು. ಜೆಟ್ ಹೀಗೆ ದನಿ ತಗ್ಗಿಸಿಕೊಂಡಾಗ, ಅದುವರೆಗೆ ಅದರ ಅಬ್ಬರದಲ್ಲಿ ಅಡಗಿದ್ದ ಫ್ಯಾನಿನ ಸದ್ದು ಮೇಲೆ ಬಂತು.

ಹುಟ್ಟಿದ ಸದ್ದು ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವಂತಿದ್ದರೆ ಕೂರುವ ಜಾಗದ ಪ್ರಶ್ನೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಹಾಗಾಗುವುದಿಲ್ಲ. ಜೆಟ್ಟಿನ ಸದ್ದು ಹುಟ್ಟುವುದು ಎಂಜಿನ್ನಿನ ಒಳಗಲ್ಲ, ಹೊರಬಿದ್ದ ಗಾಳಿ ಸುತ್ತಲಿನ ಗಾಳಿಯೊಡನೆ ಉಜ್ಜಾಡಿ ಸುಳಿಸುಳಿಯಾಗಿ ಒಡೆಯುವ ಜಾಗದಲ್ಲಿ. ಎಂಜಿನ್ನಿನ ಹಿಂಬಾಯಿಯಿಂದ ಹಲವು ಮೀಟರ್ ಹಿಂದಿನವರೆಗೂ ಆ ಜಾಗ ಚಾಚಿರುತ್ತದೆ. ಅದರ ಬಲವೆಲ್ಲ ಹಿಂದಕ್ಕೆ, ಓರೆಯಾಗಿ ಹರಿಯುತ್ತದೆ. ರೆಕ್ಕೆಯ ಕೆಳಗೆ ಎಂಜಿನ್ ತೂಗುವ ವಿಮಾನದಲ್ಲಿ ಆ ದಾರಿಗೆ ನೇರವಾಗಿ ಸಿಗುವುದು ರೆಕ್ಕೆಯ ಹಿಂದಿನ ಸೀಟುಗಳು. ಫ್ಯಾನಿನ ಸದ್ದಿಗೆ ಹಿಂದಕ್ಕೂ ದಾರಿಯಿದೆ, ಮುಂದಕ್ಕೂ ದಾರಿಯಿದೆ. ಎಂಜಿನ್ನಿನ ಮುಂಬಾಯಿಯಿಂದ ಹೊರಟದ್ದು ರೆಕ್ಕೆಯ ಮುಂದಿನ ಒಡಲಿಗೆ ಬಡಿಯುತ್ತದೆ. ಟೇಕಾಫ್ ಹೊತ್ತಿನಲ್ಲಿ ಮುಂದಿನ ಸಾಲುಗಳವರು ಕೇಳುವ ಗರಗಸದಂಥ ದನಿ ಹುಟ್ಟುವುದು ಇಲ್ಲಿಯೇ, ಮತ್ತು ಅದರ ಹುಟ್ಟಿನ ಬಗೆ ನಿಜಕ್ಕೂ ಸೊಗಸಾದದ್ದು. ಹಳೆಯ ಎ320ರ ಸಿಎಫ್‌ಎಂ56-5ಬಿ ಎಂಜಿನ್ನಿನ ಫ್ಯಾನ್ 1.73 ಮೀಟರ್ ಅಡ್ಡಳತೆಯದು. ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ 5,000 ಸುತ್ತು ಹಾಕುತ್ತದೆ. ಗುಣಿಸಿ ನೋಡಿದರೆ ಅಲಗಿನ ತುದಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ನೆಲಮಟ್ಟದಲ್ಲಿ ಸದ್ದಿನ ವೇಗವಾದರೋ ಸುಮಾರು 340 ಮೀಟರ್. ಹಾಗಾಗಿ ಒಂದೊಂದು ಅಲಗೂ ತನ್ನ ಮುಂದೆ ಒಂದು ಆಘಾತದ ಅಲೆಯನ್ನು ನೂಕಿಕೊಂಡು ಸುತ್ತುತ್ತದೆ. ಮೂವತ್ತಾರು ಅಲಗುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ ಇದ್ದಿದ್ದರೆ ಕೇಳುತ್ತಿದ್ದುದು ಸೆಕೆಂಡಿಗೆ 3,000 ಕಂಪನದ ಒಂದು ಕೀಚಲು ದನಿ. ಲೋಹದ ಕೆಲಸದಲ್ಲಿ ಅಷ್ಟು ಸಮ ಸಾಧ್ಯವಿಲ್ಲ. ಒಂದು ಅಲಗು ತುಸು ತಿರುಚಿಕೊಂಡಿದ್ದರೆ ಅದರ ಅಲೆ ತುಸು ಬಲವಾಗುತ್ತದೆ, ತುಸು ಬೇಗ ಓಡುತ್ತದೆ, ಮುಂದಿನದನ್ನು ಮುಟ್ಟಿ ನುಂಗುತ್ತದೆ. ಮುಂಬಾಯಿ ದಾಟಿ ಹೊರಬರುವಷ್ಟರಲ್ಲಿ ಉಳಿಯುವುದು ಅಲಗುಗಳ ಎಣಿಕೆಯ ಗುರುತಲ್ಲ, ಸುತ್ತುಗಳ ಗುರುತು: ಸೆಕೆಂಡಿಗೆ 83ರ ಗುಣಕಗಳಲ್ಲಿ ಬರುವ ಒರಟು ದನಿಗಳ ಸಾಲು. ಎಂಜಿನಿಯರುಗಳೂ ಇದನ್ನು ಗರಗಸದ ಹೆಸರಿಂದಲೇ ಕರೆಯುತ್ತಾರೆ. ಪಿಡಬ್ಲ್ಯು1100ಜಿಯಲ್ಲಿ ಫ್ಯಾನಿಗೂ ಅದನ್ನು ತಿರುಗಿಸುವ ಟರ್ಬೈನಿಗೂ ನಡುವೆ ಗೇರ್ ಇಟ್ಟು, ಟರ್ಬೈನ್ ಸುಮಾರು ಮೂರು ಸುತ್ತು ಹಾಕಿದರೆ ಫ್ಯಾನ್ ಒಂದೇ ಸುತ್ತು ಹಾಕುವಂತೆ ಮಾಡಿದ್ದಾರೆ. ಅಲಗಿನ ತುದಿ ನಿಧಾನವಾದಷ್ಟೂ ಗರಗಸ ಮೊಂಡಾಗುತ್ತದೆ. ಹೊರಗಿನಿಂದ ನೋಡಿದರೆ ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ಎ320ಗಳಲ್ಲಿ ಒಂದೇ ಸಾಲಿನಲ್ಲಿ ಕೂತರೂ ಟೇಕಾಫ್ ಬೇರೆ ಬೇರೆ ಕೇಳುವುದು ಇದರಿಂದ.

ವಿಮಾನವೂ ಎಂಜಿನ್ನೂ ಸೀಟೂ ಒಂದೇ ಆದಾಗಲೂ ಟೇಕಾಫ್ ಸದ್ದು ಊರಿಂದ ಊರಿಗೆ ಬದಲಾಗುವುದೇಕೆ ಎಂದು ಕೇಳಬಹುದು. ಎಂಜಿನ್ನಿನ ಪೂರ್ಣ ಶಕ್ತಿಯನ್ನು ಪ್ರತಿ ಟೇಕಾಫಿಗೂ ಬಳಸುವುದಿಲ್ಲ ಎಂಬುದು ಉತ್ತರ. ರನ್‌ವೇ ಉದ್ದವಿದ್ದು ಭಾರ ಕಡಿಮೆಯಿದ್ದರೆ, ಹೊರಗಿನ ಸೆಕೆ ಇರುವುದಕ್ಕಿಂತ ಹೆಚ್ಚಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಅಂಕಿ ಕೊಟ್ಟು, ಬೇಕಾದಷ್ಟೇ ನೂಕುಬಲ ತೆಗೆಯುವುದು ಜಗತ್ತಿನ ಎಲ್ಲ ಕಡೆ ರೂಢಿಯಲ್ಲಿರುವ ಕ್ರಮ. ಎಂಜಿನ್ನಿನ ಸವೆತ ಕಡಿಮೆಯಾಗಲಿ ಎಂಬುದು ಅದರ ಉದ್ದೇಶ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಗಾಳಿ ಅಷ್ಟರಮಟ್ಟಿಗೆ ತೆಳು. ಆದರೆ ಅಲ್ಲಿನ ರನ್‌ವೇಗಳು 4,000 ಮೀಟರ್ ಉದ್ದದವು, ದುಡುಕುವ ಅಗತ್ಯವಿಲ್ಲ. ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ 2,450 ಮೀಟರಿನದು, ಅದರಾಚೆ ಕಣಿವೆ. ತುಂಬಿದ ವಿಮಾನ, ಒದ್ದೆ ರನ್‌ವೇ, ಸೆಕೆಯ ಮಧ್ಯಾಹ್ನ ಎಲ್ಲ ಕೂಡಿದರೆ ಅಲ್ಲಿ ಎಂಜಿನ್ನಿನಿಂದ ಹೆಚ್ಚು ಕೆಲಸ ಕೇಳಬೇಕಾಗುತ್ತದೆ. ಎಂಟನೆಯ ಘಾತದ ಲೆಕ್ಕದಲ್ಲಿ ಜೆಟ್ಟಿನ ವೇಗ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೂ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. ಅದಕ್ಕೇ ಎರಡು ಊರಿನ ಟೇಕಾಫ್‌ಗಳ ನಡುವಿನ ವ್ಯತ್ಯಾಸವನ್ನು ಹಿಂದಿನ ಸಾಲಿನವರು ಚೆನ್ನಾಗಿಯೇ ಗುರುತಿಸುತ್ತಾರೆ.

ನೆಲ ಬಿಟ್ಟ ಒಂದು ನಿಮಿಷದ ಆಸುಪಾಸಿನಲ್ಲಿ ಎಷ್ಟೋ ಜನರ ಎದೆ ಝಲ್ಲೆನಿಸುವ ಗಳಿಗೆ ಬರುತ್ತದೆ. ಮೊರೆಯುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ದನಿ ಇಳಿಸುತ್ತದೆ, ವಿಮಾನ ಕುಸಿದಂತೆ ಅನಿಸುತ್ತದೆ. ಅದು ಕುಸಿದಿರುವುದಿಲ್ಲ. ನೆಲದಿಂದ 800ರಿಂದ 1,500 ಅಡಿಯ ಸುಮಾರಿಗೆ ಟೇಕಾಫ್ ಶಕ್ತಿಯಿಂದ ಏರುವ ಶಕ್ತಿಗೆ ಎಂಜಿನ್ನನ್ನು ಇಳಿಸುವುದು ನಿಗದಿತ ಕ್ರಮ. ಕೆಳಗಿನ ಮನೆಗಳವರ ಕಿವಿಗೂ ಎಂಜಿನ್ನಿನ ಆಯುಷ್ಯಕ್ಕೂ ಅದು ಒಳ್ಳೆಯದು. ಆದರೆ ಒಳಗೆ ಕೂತವರಲ್ಲಿ ಎರಡು ಇಂದ್ರಿಯಗಳು ಒಟ್ಟಿಗೆ ದಾರಿ ತಪ್ಪುತ್ತವೆ. ಮುನ್ನುಗ್ಗುವ ವೇಗದ ಏರಿಕೆ ತಗ್ಗಿದಾಗ ಒಳಗಿವಿಯ ಸಮತೋಲದ ಅಂಗ ಮೂತಿ ಕೆಳಗೆ ವಾಲಿತೆಂದು ಹೇಳುತ್ತದೆ, ಅದೇ ಹೊತ್ತಿಗೆ ಕೇಳುವ ಅಂಗ ಎಂಜಿನ್ ಸೋತಿತೆಂದು ಹೇಳುತ್ತದೆ. ಎರಡು ಸಾಕ್ಷಿಗಳು ಒಂದೇ ಸುಳ್ಳನ್ನು ನುಡಿದರೆ ಮನಸ್ಸು ನಂಬದೆ ಏನು ಮಾಡೀತು? ಈ ಸದ್ದಿನ ಇಳಿತಕ್ಕೂ ಅಪಾಯಕ್ಕೂ ಸಂಬಂಧವಿಲ್ಲ ಎಂಬುದನ್ನು ವಿಮಾನ ಏರುವ ಮುನ್ನವೇ ಜನಕ್ಕೆ ತಿಳಿಸುವುದು ಸೀಟ್‌ಬೆಲ್ಟ್ ಕಟ್ಟುವುದನ್ನು ತೋರಿಸಿಕೊಡುವಷ್ಟೇ ಬೇಕಾದ ಕೆಲಸ. ಅಂಜಿಕೆಯಿಂದ ಸೀಟಿನ ಕೈ ಹಿಡಿದು ಕೂತ ವೃದ್ಧರನ್ನು ಕಂಡವರಿಗೆ ಈ ಮಾತಿಗೆ ವಿವರಣೆ ಬೇಕಾಗದು.

ಏರುತ್ತಾ ಹೋದಂತೆ, ಕೆಳಗೆ ದಖ್ಖನಿನ ಕೆರೆಗಳು ಚಿಕ್ಕದಾಗುತ್ತಾ ಹೋದಂತೆ, ಇನ್ನೊಂದು ಬದಲಾವಣೆ ನಡೆಯುತ್ತದೆ. ಕೆಲವೊಮ್ಮೆ, ಅದರಲ್ಲೂ ಹಳೆಯ ವಿಮಾನಗಳಲ್ಲಿ, ಒಂದು ಗುಂಯ್ ದನಿ ಏರಿ ಇಳಿದು, ಏರಿ ಇಳಿದು ಕೇಳುತ್ತದೆ. ಎಂಜಿನ್ ಉಸಿರುಗಟ್ಟುತ್ತಿದೆಯೇ ಎಂದು ಹೊಸಬರು ಕೇಳುವುದುಂಟು. ಎರಡು ಎಂಜಿನ್ನುಗಳ ಫ್ಯಾನ್‌ಗಳು ತೀರ ಸಣ್ಣ ಅಂತರದಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿವೆ ಎಂಬುದಷ್ಟೇ ಅದರ ಅರ್ಥ. ಒಂದು ಸೆಕೆಂಡಿಗೆ 75 ಸುತ್ತು, ಇನ್ನೊಂದು 76 ಸುತ್ತು ಹಾಕಿದರೆ ಅವುಗಳ ಕಂಪನಗಳು ಸೆಕೆಂಡಿಗೊಮ್ಮೆ ಕೂಡಿ ಬಲವಾಗುತ್ತವೆ, ಸೆಕೆಂಡಿಗೊಮ್ಮೆ ಒಂದನ್ನೊಂದು ಅಳಿಸುತ್ತವೆ. ಕಚೇರಿಗೆ ಮುನ್ನ ತಂಬೂರಿಯ ಎರಡು ಸಾರಣೆ ತಂತಿಗಳನ್ನು ಮೀಟಿ, ಆ ಅಲುಗಾಟ ನಿಧಾನವಾಗಿ ಮಾಯವಾಗುವವರೆಗೆ ಮಣಿ ಸರಿಸುವವರು ಮಾಡುವುದೂ ಇದೇ ಕೆಲಸ. ವಿಮಾನದಲ್ಲಿ ಎರಡು ಎಂಜಿನ್ನುಗಳ ಸುತ್ತನ್ನು ಸರಿಹೊಂದಿಸುವ ವ್ಯವಸ್ಥೆ ಶ್ರುತಿ ಕೂಡಿಸುತ್ತದೆ. ಇಲ್ಲಿ ಗಮನಿಸಬೇಕಾದ ವಿಷಯ ಬೇರೊಂದಿದೆ: ಈ ಗುಂಯ್ ದನಿಯ ಬಹುಪಾಲು ಗಾಳಿಯ ಮೂಲಕ ಬಂದದ್ದಲ್ಲ. ತಿರುಗುವ ಭಾಗಗಳ ಅತಿ ಸಣ್ಣ ಅಸಮತೋಲ ಎಂಜಿನ್ನನ್ನು ತೂಗುಹಾಕಿದ ಕಂಬದಿಂದ ರೆಕ್ಕೆಗೆ, ರೆಕ್ಕೆಯಿಂದ ಒಡಲಿನ ಚೌಕಟ್ಟಿಗೆ, ಅಲ್ಲಿಂದ ಒಳಗೋಡೆಗೆ ನಡೆದುಬಂದು ಸದ್ದಾಗುತ್ತದೆ. ಸೀಟಿನ ಕೈಯನ್ನೋ ಕಿಟಕಿಯ ಚೌಕಟ್ಟನ್ನೋ ಮುಟ್ಟಿದರೆ ಬೆರಳಿಗೂ ತಿಳಿಯುತ್ತದೆ.

ಸುಮಾರು 35,000 ಅಡಿಯಲ್ಲಿ ವಿಮಾನ ಸಮನಾದ ಮೇಲೆ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗಕ್ಕಿಂತ ಕಡಿಮೆ, ತಾಪಮಾನ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗೆ, ವೇಗ ಗಂಟೆಗೆ ಸುಮಾರು 830 ಕಿ.ಮೀ. ಒಳಗಿನ ಸದ್ದು ಸಾಮಾನ್ಯವಾಗಿ 75ರಿಂದ 85 ಡೆಸಿಬೆಲ್. ಇದನ್ನೇ ಜನ ಎಂಜಿನ್ ಸದ್ದು ಎನ್ನುತ್ತಾರೆ. ನನ್ನ ವಾದದ ತಿರುಳು ಇರುವುದು ಇಲ್ಲಿ. ವಿಮಾನದ ಚರ್ಮಕ್ಕೆ ಅಂಟಿಕೊಂಡ ಗಾಳಿ ವಿಮಾನದೊಡನೆಯೇ ಸಾಗುತ್ತದೆ, ತುಸು ದೂರದ ಗಾಳಿ ತನ್ನ ಜಾಗದಲ್ಲೇ ಇರುತ್ತದೆ. ಇವೆರಡರ ನಡುವಿನ ತೆಳು ಪದರದಲ್ಲಿ ಗಾಳಿ ಸುಳಿಯಾಗಿ ಒಡೆಯುತ್ತದೆ. ಮೂತಿಯ ಬಳಿ ಬೆರಳಗಲವೂ ಇಲ್ಲದ ಈ ಗಡಿಪದರ ಎ320ರ ಬಾಲದ ಹತ್ತಿರ ಬರುವಷ್ಟರಲ್ಲಿ ಸುಮಾರು ಒಂದಡಿ ದಪ್ಪವಾಗಿರುತ್ತದೆ. ಆ ಸುಳಿಗಳು ಲೋಹದ ಚರ್ಮವನ್ನು ಎಡೆಬಿಡದೆ ತಟ್ಟುತ್ತವೆ, ಚರ್ಮ ನಡುಗಿ ಒಳಗೆ ಸುಯ್ಯೆನ್ನುವ ಸದ್ದಾಗುತ್ತದೆ. ಈ ಗಡಿಪದರದ ವಿದ್ಯೆ ಬೆಂಗಳೂರಿಗೆ ಹೊರಗಿನದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ಅವರ ಶಿಷ್ಯ ರೊದ್ದಂ ನರಸಿಂಹ, ನುಣುಪಾದ ಹರಿವು ಯಾವ ಬಗೆಯಲ್ಲಿ ಸುಳಿಗೆ ತಿರುಗುತ್ತದೆ ಎಂಬುದನ್ನು ಅಳೆದು 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಯಶವಂತಪುರದ ಹಾದಿಯ ಆ ಆವರಣದಲ್ಲಿ ಗಾಳಿಸುರಂಗದೊಳಗೆ ಅಳೆದ ಹರಿವಿನ ಬಂಧುವೇ ದೆಹಲಿಯ ದಾರಿಯಲ್ಲಿ ಕಿಟಕಿಯಾಚೆ ಸುಯ್ಗುಡುತ್ತಿರುತ್ತದೆ ಎಂಬುದು ನನಗೆ ಯಾವಾಗಲೂ ಹಿತವೆನಿಸುವ ಸಂಗತಿ.

ಒಳಗಿನ ಸದ್ದಿನ ಬಹುಪಾಲು ಗಾಳಿಯದೇ ಎಂಬುದಕ್ಕೆ ಪುರಾವೆ ಏನು? ಮೊದಲನೆಯದು ಕಾಕ್‌ಪಿಟ್. ರೆಕ್ಕೆಯ ಕೆಳಗಿನ ಎಂಜಿನ್ನುಗಳಿಂದ ಅತಿ ದೂರವಿರುವ ಜಾಗ ಅದು. ಎಂಜಿನ್ನೇ ಎಲ್ಲಕ್ಕೂ ಕಾರಣವಾಗಿದ್ದರೆ ವಿಮಾನದಲ್ಲೇ ಅತ್ಯಂತ ಶಾಂತವಾದ ಕೋಣೆ ಅದಾಗಬೇಕಿತ್ತು. ಬೋಯಿಂಗ್ 737 ಹಾರಿಸುವವರನ್ನು ಕೇಳಿದರೆ, ಮುಂಗಾಜಿನ ಅಂಚುಗಳಿಗೆ ಬಡಿಯುವ ಗಾಳಿಯ ಸದ್ದಿನಿಂದ ಹೆಡ್‌ಸೆಟ್ ತೆಗೆಯಲಾಗದು ಎನ್ನುತ್ತಾರೆ. ಎರಡನೆಯದು ಕಾಂಕಾರ್ಡ್. 1976ರಿಂದ 2003ರವರೆಗೆ ಸೇವೆಯಲ್ಲಿದ್ದ ಆ ವಿಮಾನ ಸದ್ದಿನ ಎರಡು ಪಟ್ಟು ವೇಗದಲ್ಲಿ ಹಾರುತ್ತಿತ್ತು. ಎಂಜಿನ್ನಿನಿಂದ ಹೊರಟ ಸದ್ದು ಹೊರಗಿನ ಗಾಳಿಯ ಮೂಲಕ ಮುಂದಿನ ಸೀಟುಗಳನ್ನು ಹಿಂಬಾಲಿಸಿ ಮುಟ್ಟುವುದು ಅಲ್ಲಿ ಸಾಧ್ಯವೇ ಇರಲಿಲ್ಲ. ಆದರೂ ಮುಂದಿನ ಸಾಲುಗಳಲ್ಲಿ ಗಾಳಿಯ ಸದ್ದಿತ್ತು. ಮೂರನೆಯದನ್ನು ಯಾರಾದರೂ ಪರೀಕ್ಷಿಸಬಹುದು: ಆಗ್ರಾದ ಆಸುಪಾಸಿನಲ್ಲಿ ದೆಹಲಿಗೆ ಇಳಿಯಲು ತೊಡಗಿದಾಗ ಪೈಲಟ್ ಎಂಜಿನ್ನನ್ನು ಬಹುಮಟ್ಟಿಗೆ ಸುಮ್ಮನೆ ತಿರುಗಲು ಬಿಡುತ್ತಾರೆ. ಗುಂಯ್ ದನಿ ಇಳಿದುಹೋಗುತ್ತದೆ. ಆದರೆ ಸುಯ್ಲು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ, ವೇಗ ತಗ್ಗಿದ ಮೇಲಷ್ಟೇ ಅದೂ ತಗ್ಗುತ್ತದೆ. ಜೆಟ್ಟಿನ ಪಾಲು ಹೆಚ್ಚುಕಡಿಮೆ ಸೊನ್ನೆಯಾದ ಮೇಲೂ ಉಳಿಯುವ ಸದ್ದು ಗಾಳಿಯದ್ದಲ್ಲದೆ ಇನ್ಯಾವುದರದು?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಎ320 ನಿಯೋ ಹಳೆಯ ಎ320ಕ್ಕಿಂತ ಒಳಗೆ ಶಾಂತವೆಂದು ಪ್ರಯಾಣಿಕರು ಹೇಳುತ್ತಾರೆ. ಒಡಲು ಅದೇ, ಹಾರುವ ವೇಗ ಅದೇ, ಅಂದಮೇಲೆ ಗಾಳಿಯ ಸದ್ದೂ ಅದೇ. ಬದಲಾದದ್ದು ಎಂಜಿನ್ ಮಾತ್ರವಾದ್ದರಿಂದ ಸದ್ದೂ ಎಂಜಿನ್ನಿನದೇ ಅಲ್ಲವೇ? ಆಕ್ಷೇಪದ ಅರ್ಧ ಭಾಗವನ್ನು ಒಪ್ಪಲೇಬೇಕು. ಸಮಹಾರಾಟದಲ್ಲೂ ಎಂಜಿನ್ ಸುಮ್ಮನಿರುವುದಿಲ್ಲ, ಮತ್ತು ರೆಕ್ಕೆಯ ಹಿಂದೆ ಅದರ ಪಾಲು ಗಟ್ಟಿಯಾಗಿಯೇ ಇರುತ್ತದೆ. ಎತ್ತರದಲ್ಲಿ ಹೊರಗಿನ ಒತ್ತಡ ತೀರ ಕಡಿಮೆಯಾದ್ದರಿಂದ ಫ್ಯಾನಿನಿಂದ ಹೊರಬೀಳುವ ಗಾಳಿ ಅಲ್ಲಿ ಒಮ್ಮೆಲೇ ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗುತ್ತದೆ. ಜೆಟ್ಟಿನೊಳಗೆ ಆಘಾತದ ಅಲೆಗಳ ಒಂದು ಸರಪಳಿ ಕಟ್ಟುತ್ತದೆ. ಸುಳಿಗಳು ಆ ಸರಪಳಿಯನ್ನು ಹಾಯುವಾಗೆಲ್ಲ ಸದ್ದು ಸಿಡಿದು ಹಿಂದಿನ ಸಾಲುಗಳ ಒಡಲಿಗೆ ಬಡಿಯುತ್ತದೆ. ಬೋಯಿಂಗ್ 787ರ ಎಂಜಿನ್ ಕವಚದ ಹಿಂಬದಿಯಂಚು ಹಲ್ಲುಹಲ್ಲಾಗಿರುವುದನ್ನು ನೋಡಿದವರಿದ್ದಾರೆ. ಹೊರಬರುವ ಗಾಳಿಯನ್ನು ಸುತ್ತಲಿನ ಗಾಳಿಯೊಡನೆ ನಯವಾಗಿ ಬೆರೆಸಿ ಸದ್ದು ತಗ್ಗಿಸುವುದು ಆ ಹಲ್ಲುಗಳ ಕೆಲಸ. 2005ರಲ್ಲಿ ಬೋಯಿಂಗ್ ಒಂದು 777-300ಇಆರ್ ವಿಮಾನಕ್ಕೆ ಅಂಥವನ್ನು ಕಟ್ಟಿ ಹಾರಿಸಿ ನೋಡಿದಾಗ ಅಳೆದವುಗಳಲ್ಲಿ ಹಿಂದಿನ ಕ್ಯಾಬಿನ್ನಿನ ಸದ್ದೂ ಒಂದು. ಆಕ್ಷೇಪದ ಉಳಿದ ಅರ್ಧಕ್ಕೆ ಉತ್ತರ ಇಲ್ಲೇ ಇದೆ: ಎಂಜಿನ್ ಬದಲಾದಾಗ ಆಗುವ ಹಿತ ಎಲ್ಲ ಸಾಲುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಟೇಕಾಫಿನಲ್ಲಿ ಅದು ಹೆಚ್ಚು, ಸಮಹಾರಾಟದಲ್ಲಿ ಕಡಿಮೆ. ಹಿಂದಿನ ಸಾಲಿನಲ್ಲಿ ಹೆಚ್ಚು, ಮುಂದಿನ ಸಾಲಿನಲ್ಲಿ ಕಡಿಮೆ. ಎಂಜಿನ್ನಿನಿಂದ ಮುಂದಕ್ಕೆ ಹೊರಟ ಸದ್ದು ಗಾಳಿಗೆ ಎದುರಾಗಿ ತೆವಳಬೇಕು. ಹಾಗೆ ತೆವಳುವಾಗ ಒಡಲಿನ ಗಡಿಪದರ ಅದನ್ನು ಹೊರಕ್ಕೆ ಬಾಗಿಸುತ್ತದೆ, ಎದುರುಗಾಳಿಯಲ್ಲಿ ಕೂಗಿದ ದನಿ ದೂರ ಹೋಗದಿರುವುದಕ್ಕೆ ಏನು ಕಾರಣವೋ ಅದೇ ಕಾರಣದಿಂದ. ಗದ್ದಲ ಮಾಡುವ ಪದರವೇ ಮುಂದಿನವರಿಗೆ ಎಂಜಿನ್ನಿನ ಗದ್ದಲಕ್ಕೆ ಮರೆಯಾಗಿ ನಿಲ್ಲುತ್ತದೆ.

ಎಂಜಿನ್ ಇರುವ ಜಾಗವನ್ನೇ ಬದಲಾಯಿಸಿ ನೋಡಿದ ಉದಾಹರಣೆಯೂ ಇತಿಹಾಸದಲ್ಲಿದೆ. ಫ್ರಾನ್ಸಿನ ಕ್ಯಾರವೆಲ್ ವಿಮಾನದ ಎರಡೂ ಎಂಜಿನ್ನುಗಳು ಬಾಲದ ಇಬ್ಬದಿಗೆ ಅಂಟಿಕೊಂಡಿದ್ದವು. 1960ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಅವನ್ನು ನಮ್ಮ ಊರುಗಳ ನಡುವೆಯೂ ಹಾರಿಸಿತು. ಆ ಕಾಲದ ಅಬ್ಬರದ ಎಂಜಿನ್ನುಗಳನ್ನು ಹೊತ್ತೂ ಅದರ ಮುಂಭಾಗ ಶಾಂತವೆಂದು ಹೆಸರಾಯಿತು. ಕೊನೆಯ ಸಾಲುಗಳವರಿಗೆ ಮಾತ್ರ ಗಾಳಿಯ ಮೂಲಕವೂ ಚೌಕಟ್ಟಿನ ಮೂಲಕವೂ ಎರಡು ದಾರಿಯಿಂದ ಸದ್ದು ಬಂದು ಮುತ್ತುತ್ತಿತ್ತು.

ಇನ್ನು ಗೋಡೆ. ಸದ್ದನ್ನು ತಡೆಯಲು ಭಾರ ಬೇಕು, ವಿಮಾನಕ್ಕೆ ಭಾರವೇ ಶತ್ರು. ಗೋಡೆಯ ತೂಕ ಎರಡು ಪಟ್ಟಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ, ಸದ್ದಿನ ಕಂಪನ ಎರಡು ಪಟ್ಟಾದರೂ ಅಷ್ಟೇ. ಹಾಗಾಗಿ ತೆಳು ಲೋಹವೂ ಹತ್ತಿಯಂಥ ಹೊದಿಕೆಯೂ ಸೇರಿ ಕೀಚಲು ದನಿಗಳನ್ನು ಚೆನ್ನಾಗಿ ನುಂಗುತ್ತವೆ, ಮಂದ್ರದ ದನಿಗಳನ್ನು ಒಳಗೆ ಬಿಡುತ್ತವೆ. ನೆಲದಲ್ಲಿ ನಿಂತವರಿಗೆ ಸಿಳ್ಳೆಯಾಗಿ ಕೇಳುವ ಎಂಜಿನ್ ಒಳಗಿನವರಿಗೆ ಗುಂಯ್ ಎನ್ನುವುದು ಇದರಿಂದಲೇ. ಮಂದ್ರ ದನಿಗೆ ಇನ್ನೊಂದು ಗುಣವಿದೆ. ಸೆಕೆಂಡಿಗೆ 83 ಕಂಪನದ ದನಿಯ ಅಲೆಯುದ್ದ ನಾಲ್ಕು ಮೀಟರ್ ಮೀರುತ್ತದೆ, ಎ320ರ ಕ್ಯಾಬಿನ್ನಿನ ಅಗಲ 3.7 ಮೀಟರ್. ಗೋಡೆಗಳ ನಡುವೆ ಆ ದನಿ ಕೆಲವು ಕಡೆ ಗಟ್ಟಿಯಾಗಿ, ಕೆಲವು ಕಡೆ ಮೆಲ್ಲಗೆ ನಿಂತುಬಿಡುತ್ತದೆ. ಕಿಟಕಿಯ ಪಕ್ಕ ಕೇಳಿದ ಗುಂಯ್ ದನಿ ನಡುದಾರಿಯ ಪಕ್ಕದ ಸೀಟಿಗೆ ಬಂದರೆ ಕರಗಬಹುದು. 1978ರಲ್ಲಿ ಜ್ಯೂರಿಕ್‌ನಿಂದ ಹಾರುತ್ತಿದ್ದಾಗ ಧ್ವನಿ ಎಂಜಿನಿಯರ್ ಅಮರ್ ಬೋಸ್ ಅವರಿಗೆ ಹೊಳೆದ ಉಪಾಯ, ಸದ್ದಿಗೆ ಪ್ರತಿಸದ್ದು ಹುಟ್ಟಿಸಿ ಅಳಿಸುವ ಹೆಡ್‌ಫೋನ್, ಈ ಮಂದ್ರ ದನಿಗಳ ಮೇಲೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಹಾಕಿಕೊಂಡ ಮೇಲೆ ಉಳಿದು ಕೇಳುವ ತೆಳುಸದ್ದಿನಲ್ಲಿ ಗಾಳಿಯ ಜೊತೆಗೆ ತಲೆಯ ಮೇಲಿನ ತೂತುಗಳಿಂದ ಬರುವ ಏರ್‌ಕಂಡಿಷನಿಂಗಿನ ಸದ್ದೂ ಇರುತ್ತದೆ.

ಹಾಗಾದರೆ ಇದೆಲ್ಲ ಕೇಳುವವರ ಭಾವನೆಯ ಮಾತೇ ಎಂದು ಕೇಳಿದರೆ ಅಲ್ಲ ಎನ್ನಬೇಕು, ಆದರೆ ಕಿವಿಯನ್ನೂ ಲೆಕ್ಕದಿಂದ ಬಿಡುವಂತಿಲ್ಲ. ಇಳಿಯುವಾಗ ಕ್ಯಾಬಿನ್ನಿನ ಒತ್ತಡ ಏರುತ್ತಾ ಬರುತ್ತದೆ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಹೋಗುವ ನಾಳ ತೆರೆಯದಿದ್ದರೆ ಕಿವಿಯ ತಮಟೆ ಒಳಕ್ಕೆ ಬಿಗಿದುಕೊಂಡು ಮಂದ್ರ ದನಿಗಳಿಗೆ ಕಿವುಡಾಗುತ್ತದೆ. ಎಂಜಿನ್ ದೂರ ಸರಿದಂತೆ ಅನಿಸುತ್ತದೆ. ಉಗುಳು ನುಂಗಿದಾಗ ಪಟ್ಟೆಂದು ಕಿವಿ ಬಿಟ್ಟುಕೊಳ್ಳುತ್ತದೆ, ಎಂಜಿನ್ ಒಮ್ಮೆಲೇ ಅಬ್ಬರಿಸಿದಂತಾಗುತ್ತದೆ. ಎಂಜಿನ್ ಏನನ್ನೂ ಮಾಡಿರುವುದಿಲ್ಲ. ಅದೇ ಹೊತ್ತಿಗೆ ಚಕ್ರಗಳು ಹೊರಬಂದು ಗಾಳಿಯನ್ನು ಒಡೆಯುವ ಗುಡುಗು, ರೆಕ್ಕೆಯ ಫ್ಲ್ಯಾಪ್‌ಗಳನ್ನು ಸರಿಸುವ ಮೋಟಾರಿನ ಕೊರಗು ಸೇರಿಕೊಳ್ಳುತ್ತವೆ. ಎ320ರಲ್ಲಿ ನೆಲದ ಮೇಲೆ ಒಂದೇ ಎಂಜಿನ್ ನಡೆಯುತ್ತಿರುವಾಗ ಕಾಲಡಿಯಿಂದ ಬಿಟ್ಟುಬಿಟ್ಟು ಕೇಳುವ ಒರಟು ಸದ್ದೂ ಎಂಜಿನ್ನಿನದಲ್ಲ, ಒಂದು ಹೈಡ್ರಾಲಿಕ್ ಸಾಲಿನ ಒತ್ತಡವನ್ನು ಇನ್ನೊಂದಕ್ಕೆ ದಾಟಿಸುವ ಪಂಪಿನದು. ಚಕ್ರ ನೆಲ ಮುಟ್ಟಿದ ಮೇಲೆ ಬರುವ ಅಬ್ಬರ ಮಾತ್ರ ಎಂಜಿನ್ನಿನದೇ. ಫ್ಯಾನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವಿಮಾನವನ್ನು ತಡೆಯುವ ಆ ಕೆಲಸಕ್ಕೆ ಎಷ್ಟು ಶಕ್ತಿ ಬೇಕೆಂಬುದು ರನ್‌ವೇಯ ಉದ್ದ, ಮಳೆಯ ನೀರು ನೋಡಿ ನಿರ್ಧಾರವಾಗುತ್ತದೆ.

ಸದ್ದು ಕಡಿಮೆಯಾದಷ್ಟೂ ಒಳ್ಳೆಯದೇ ಎಂಬ ಮಾತೂ ಅಷ್ಟು ನೇರವಲ್ಲ. 2007ರಲ್ಲಿ ಸೇವೆಗೆ ಬಂದ ಎ380 ಒಳಗೆ ಎಷ್ಟು ಶಾಂತವಾಗಿತ್ತೆಂದರೆ, ವಿಶ್ರಾಂತಿ ಕೋಣೆಯಲ್ಲಿ ಮಲಗಿದಾಗ ಪ್ರಯಾಣಿಕರ ಸದ್ದು, ಮಕ್ಕಳ ಅಳು ಕೇಳಿ ನಿದ್ದೆ ಬರುವುದಿಲ್ಲವೆಂದು ಕೆಲವು ಪೈಲಟ್‌ಗಳು ದೂರಿದ್ದು ಸುದ್ದಿಯಾಗಿತ್ತು. ಒಂದೇ ಸಮನಾದ ಸುಯ್ಲು ಪಕ್ಕದ ಸಾಲಿನ ಮಾತನ್ನು ಮರೆಮಾಡುವ ಪರದೆಯೂ ಹೌದು. ಆದರೆ ಎಷ್ಟು ಸದ್ದು ಯಾವ ಸಾಲಿನಲ್ಲಿದೆ ಎಂಬುದನ್ನು ಪ್ರಯಾಣಿಕರಿಂದ, ಅದಕ್ಕಿಂತ ಮುಖ್ಯವಾಗಿ ವರ್ಷಗಟ್ಟಲೆ ಅದರಲ್ಲೇ ದುಡಿಯುವ ಕ್ಯಾಬಿನ್ ಸಿಬ್ಬಂದಿಯಿಂದ, ಮುಚ್ಚಿಡಲು ಇದು ಕಾರಣವಾಗಬಾರದು. ವಿಮಾನದ ಸದ್ದಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಿವೆ. ಅವು ಅಳೆಯುವುದು ನೆಲದ ಮೂರು ಬಿಂದುಗಳಲ್ಲಿ: ರನ್‌ವೇಯ ಪಕ್ಕದಲ್ಲಿ, ವಿಮಾನ ಏರಿಹೋಗುವ ದಾರಿಯ ಕೆಳಗೆ, ಇಳಿಯುವ ದಾರಿಯ ಕೆಳಗೆ. ಆ ಮೂರರಲ್ಲಿ ಒಂದೂ ಕ್ಯಾಬಿನ್ನಿನ ಒಳಗಿಲ್ಲ. ಒಳಗಿನ ಸದ್ದು ತಯಾರಕರೂ ವಿಮಾನ ಕೊಳ್ಳುವ ಕಂಪನಿಯೂ ತಮ್ಮೊಳಗೆ ಮಾತಾಡಿಕೊಳ್ಳುವ ಒಪ್ಪಂದದ ವಿಷಯವಾಗಿ ಉಳಿದಿದೆ. ಸದ್ದು ಸಾಲಿನಿಂದ ಸಾಲಿಗೆ, ಹಂತದಿಂದ ಹಂತಕ್ಕೆ ಇಷ್ಟು ಬದಲಾಗುವಾಗ ಇಡೀ ವಿಮಾನಕ್ಕೆ ಒಂದೇ ಅಂಕಿ ಹೇಳುವುದು ಸಾಧ್ಯವಿಲ್ಲ ಎಂಬ ವಾದವನ್ನು ನಾನೂ ಒಪ್ಪುತ್ತೇನೆ, ಈ ಬರಹವೆಲ್ಲ ಅದನ್ನೇ ಹೇಳಿದೆ. ಹಾಗೆಂದು ಒಂದೂ ಹೇಳದಿರುವುದು ಅದಕ್ಕೆ ಉತ್ತರವಲ್ಲ. ಎ320ರಂಥ ವಿಮಾನಕ್ಕೆ ಆರು ಸಾಲುಗಳನ್ನು ಆರಿಸಿ ಟೇಕಾಫ್, ಏರುವಿಕೆ, ಸಮಹಾರಾಟ, ಇಳಿಯುವಿಕೆ ಎಂದು ನಾಲ್ಕು ಹಂತಕ್ಕೆ ಅಳೆದರೆ ಇಪ್ಪತ್ತನಾಲ್ಕು ಅಂಕಿಗಳಾಗುತ್ತವೆ. ಹಾರಾಟದ ಪರೀಕ್ಷೆಗಳಲ್ಲಿ ತಯಾರಕರು ಅದಕ್ಕಿಂತ ಹೆಚ್ಚನ್ನೇ ಅಳೆಯುತ್ತಾರೆ. ಟಿಕೆಟ್ ಕೊಳ್ಳುವಾಗ ಸೀಟು ಆರಿಸುವ ಪರದೆಯಲ್ಲಿ ಕಾಲು ಚಾಚಲು ಎಷ್ಟು ಇಂಚು ಜಾಗವಿದೆಯೆಂದು ಬರೆಯುವ ಕಡೆಯೇ ಅವನ್ನೂ ಬರೆಯಬಹುದು.